ಊಟ ಆದ ಮೇಲೆ ಸೋಪು, ಊಟಕ್ಕೆ ಮುಂಚೆ ಬರೀ ನೀರು: ನಮ್ಮ ಮಲೆನಾಡಿನ ಮನೆಗಳಲ್ಲಿ ಯಾಕೆ ಹೀಗೆ?

ಹೊಳೆದಂಡೆ, ತೀರ್ಥಹಳ್ಳಿ

ನಮ್ಮ ಕಡೆ ಯಾರ ಮನೆಗೆ ಊಟಕ್ಕೆ ಹೋದರೂ ಒಂದು ವಿಷಯ ಗಮನಿಸಿ. ಎಲೆ ಹಾಕಿದ ಮೇಲೆ ತಂಬಿಗೆಯಿಂದ ಬೆರಳಿಗೆ ಒಂದಿಷ್ಟು ನೀರು ಹಾಕಿಕೊಂಡು ಕೂರುತ್ತೇವೆ. ಊಟ ಮುಗಿದ ಮೇಲೆ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಚೆನ್ನಾಗಿ ಉಜ್ಜುತ್ತೇವೆ. ಸಾರಿನ ಜಿಡ್ಡು, ಮೀನಿನ ವಾಸನೆ ಹೋಗಬೇಕಲ್ಲ. ಬಾಯಿಗೆ ಹೋಗುವ ಕೈಗೆ ಬರೀ ನೀರು, ಊಟ ಮುಗಿಸಿದ ಕೈಗೆ ಸೋಪು. ಕಾಯಿಲೆ ತಡೆಯುವ ಲೆಕ್ಕದಲ್ಲಿ ಇದು ಪೂರ್ತಿ ತಿರುವುಮುರುವು.

ಇಡೀ ದೇಶದ ಕಥೆಯೂ ಇದೇ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 2018ರ ಜುಲೈನಿಂದ ಡಿಸೆಂಬರ್‌ವರೆಗೆ ಮನೆ ಮನೆಗೆ ಹೋಗಿ ಕೇಳಿತ್ತು. ಶೌಚದ ನಂತರ ಸೋಪು ಅಥವಾ ಡಿಟರ್ಜೆಂಟ್ ಹಾಕಿ ಕೈ ತೊಳೆಯುತ್ತೇವೆ ಅಂದವರು ಶೇ. 74.1. ಊಟಕ್ಕೆ ಮುಂಚೆ ಸೋಪು ಬಳಸುತ್ತೇವೆ ಅಂದವರು ಶೇ. 35.8 ಮಾತ್ರ. ಶೇ. 60.4ರಷ್ಟು ಮನೆಗಳಲ್ಲಿ ಊಟಕ್ಕೆ ಮುಂಚೆ ಬರೀ ನೀರು. ಇದು ಜನ ಬಾಯಲ್ಲಿ ಹೇಳಿದ ಲೆಕ್ಕ, ಯಾರೂ ನಿಂತು ನೋಡಿದ್ದಲ್ಲ. ಹಾಗಾಗಿ ನಿಜವಾದ ಅಂಕಿ ಇದಕ್ಕಿಂತ ಕಡಿಮೆಯೇ ಇರುತ್ತದೆ ಅಂತ ನನಗೆ ಅನಿಸುತ್ತದೆ.

ಕೈ ತೊಳೆಯಬೇಕು ಅಂತ ಗೊತ್ತಿಲ್ಲದವರು ಈಗ ಯಾರೂ ಇಲ್ಲ. ಕೊರೊನಾ ಬಂದಾಗ ಫೋನ್ ಎತ್ತಿದರೆ ಅದೇ ಮಾತು ಕೇಳುತ್ತಿತ್ತು. ತೊಂದರೆ ಇರುವುದು ಸೋಪು ಎಲ್ಲಿದೆ ಅನ್ನುವುದರಲ್ಲಿ. ನಮ್ಮ ಹಳೆ ಮನೆಗಳಲ್ಲಿ ಬಚ್ಚಲು ಹಿಂದುಗಡೆ. ಹಂಡೆ ಒಲೆ, ನೀರು, ಸೋಪಿನ ಡಬ್ಬಿ ಎಲ್ಲ ಅಲ್ಲೇ. ಊಟಕ್ಕೆ ಕೂರುವುದು ಅಡುಗೆಮನೆ ಪಕ್ಕದ ಹಜಾರದಲ್ಲಿ. ಸೋಪಿಗೆ ಅಂತ ಅಷ್ಟು ದೂರ ಹೋಗಿ ಬರಲು ಹಸಿದವರು ತಯಾರಿರುವುದಿಲ್ಲ. ಹೊಸ ಮನೆ ಕಟ್ಟುವವರು ವಾಶ್ ಬೇಸಿನ್ ಹಾಕಿಸುತ್ತಾರೆ, ನಿಜ. ಆದರೆ ಎಷ್ಟೋ ಕಡೆ ಅದರ ಮೇಲೆ ಬಾಚಣಿಗೆ, ಪೌಡರ್ ಡಬ್ಬಿ ಇರುತ್ತದೆ, ಸೋಪು ಇರುವುದಿಲ್ಲ.

ನಿಮ್ಮ ಮನೆಗಳಲ್ಲಿ ಹೇಗಿದೆ? ಏನಾದರೂ ಬದಲಾಯಿಸಿದ್ದರೆ ದಯವಿಟ್ಟು ಬರೆಯಿರಿ. ನೀರಿನ ತೊಂದರೆ ಇರುವವರು ಮುಖ್ಯವಾಗಿ ಬರೆಯಿರಿ.

ಸಾಗರದ ಸೊಸೆ

ಅಣ್ಣ, ನೀವು ಊಟ ಮಾಡುವವರ ಕೈ ನೋಡಿದಿರಿ. ಅಡುಗೆ ಮಾಡುವವರ ಕೈ ಬಗ್ಗೆ ನಾನು ಹೇಳುತ್ತೇನೆ.

ಹಳ್ಳಿ ಮನೆಯ ಬೆಳಿಗ್ಗೆ ನೆನಪು ಮಾಡಿಕೊಳ್ಳಿ. ಕೊಟ್ಟಿಗೆಗೆ ಹೋಗಿ ಸಗಣಿ ಬಾಚಬೇಕು. ಹಾಲು ಕರೆಯಬೇಕು. ಅಷ್ಟರಲ್ಲಿ ಮಗು ಎದ್ದು ಕಕ್ಕ ಮಾಡಿರುತ್ತದೆ, ಅದನ್ನು ತೊಳೆಯಬೇಕು. ಒಲೆ ಮೇಲೆ ಕಾವಲಿ ಕಾದಿರುತ್ತದೆ, ರೊಟ್ಟಿ ತಟ್ಟಬೇಕು. ಇದೆಲ್ಲ ಒಂದೇ ಹೆಂಗಸಿನ ಎರಡು ಕೈ. ಪ್ರತಿ ಸಲವೂ ಬಚ್ಚಲಿಗೆ ಓಡಿ ಸೋಪು ಹಾಕಿ ಬಾ ಅಂದರೆ ಆಗುವ ಮಾತಾ? ಕೈಯನ್ನು ನೀರಲ್ಲಿ ಅದ್ದಿ, ಸೆರಗಿಗೆ ಒರೆಸಿ, ಮುಂದಿನ ಕೆಲಸ. ನಾನು ನೋಡಿದ ಮನೆಗಳಲ್ಲೆಲ್ಲ ಹೀಗೇ ನಡೆಯುತ್ತದೆ.

ಇನ್ನೊಂದು ನಂಬಿಕೆ ಇದೆ. ಹಾಲು ಕುಡಿಯುವ ಮಗುವಿನ ಕಕ್ಕ ಹೊಲಸಲ್ಲ ಅಂತ. ದೊಡ್ಡವರ ಶೌಚ ಆದರೆ ಸೋಪು ಬೇಕೇ ಬೇಕು, ಮಗುವಿನದ್ದಾದರೆ ನೀರು ಸಾಕು. ಆದರೆ ಭೇದಿ ತರುವ ರೋಗಾಣು ಎಳೆ ಮಕ್ಕಳ ಮಲದಲ್ಲೂ ಇರುತ್ತವೆ. ರೋಟಾವೈರಸ್ ಹರಡುವುದು ಮುಖ್ಯವಾಗಿ ಚಿಕ್ಕ ಮಕ್ಕಳಿಂದ ಚಿಕ್ಕ ಮಕ್ಕಳಿಗೇ.

ನಾನು ಮಾಡಿದ್ದು ಇಷ್ಟು. ಅಡುಗೆಮನೆಯ ಹಿಂಬಾಗಿಲ ಹೊರಗೆ ಪಾತ್ರೆ ತೊಳೆಯುವ ಕಟ್ಟೆ ಇದೆ. ಅಲ್ಲಿ ಒಂದು ಬಕೆಟ್, ಒಂದು ಚೊಂಬು, ಒಂದು ಸೋಪು ಇಟ್ಟೆ. ಕೊಟ್ಟಿಗೆಯಿಂದ ಬರುವ ದಾರಿಯೂ ಅದೇ, ಅಡುಗೆಮನೆಗೆ ಹೋಗುವ ದಾರಿಯೂ ಅದೇ. ಕಣ್ಣೆದುರಿಗೆ ಇರುವುದರಿಂದ ಯಾರೂ ಮರೆಯುವುದಿಲ್ಲ. ಮೊದಲು ನಮ್ಮ ಅತ್ತೆ ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ನ್ಯಾಯವಾದದ್ದೇ. "ಸೋಪು ಹಚ್ಚಿದ ಕೈಯಲ್ಲಿ ಉಂಡರೆ ಅನ್ನಕ್ಕೆಲ್ಲ ಸೋಪಿನ ವಾಸನೆ" ಅಂದರು.

ಅಡಿಕೆ ಅಂಗಳ, ಹೊಸನಗರ

ಅಕ್ಕ, ಆ ವಾಸನೆಯ ಮಾತು ತುಂಬಾ ಮುಖ್ಯ. ನಮ್ಮ ತಂದೆಯೂ ಊಟಕ್ಕೆ ಮುಂಚೆ ಸೋಪು ಮುಟ್ಟದಿರುವುದಕ್ಕೆ ಅದೇ ಕಾರಣ. ಕೈಯಲ್ಲಿ ಕಲಸಿ ಉಣ್ಣುವವರಿಗೆ ಮಲ್ಲಿಗೆ, ನಿಂಬೆ ಪರಿಮಳ ಬೇಡ. ಅದನ್ನು ಸುಮ್ನೆ ಹಠ ಅಂದುಕೊಳ್ಳಬಾರದು.

ಸಾಗರದ ಸೊಸೆ

ಹೌದು. ಪರಿಮಳ ಕಡಿಮೆ ಇರುವ ಪಾತ್ರೆ ಸೋಪನ್ನೇ ಚಿಕ್ಕ ತುಂಡು ಮಾಡಿ ಇಟ್ಟೆ. ಆಮೇಲೆ ಅತ್ತೆ ಏನೂ ಅನ್ನಲಿಲ್ಲ. ಪರಿಮಳದ ಸೋಪು ಸ್ನಾನಕ್ಕೆ ಇರಲಿ.

ಅಡಿಕೆ ಅಂಗಳ, ಹೊಸನಗರ

ತೋಟದ ಕಡೆಯಿಂದ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಓದಿ.

ಕೊಯ್ಲಿನ ಕಾಲದಲ್ಲಿ ನಮ್ಮ ಮನೆ ಅಂಗಳದಲ್ಲಿ ರಾತ್ರಿ ಹತ್ತು ಗಂಟೆವರೆಗೂ ಹಸಿ ಅಡಿಕೆ ಸುಲಿಯುವ ಕೆಲಸ ಇರುತ್ತದೆ. ಸುಲಿಯುವವರ ಬೆರಳು ಚೊಗರು ಹತ್ತಿ ಕಪ್ಪಾಗಿರುತ್ತವೆ. ಆ ಕಪ್ಪು ಎಂಥ ಸೋಪು ಹಾಕಿದರೂ ಹೋಗುವುದಿಲ್ಲ. ಸೀಸನ್ ಮುಗಿದ ಮೇಲೆ ತಾನಾಗಿ ಹೋಗಬೇಕು. ಇದರಿಂದ ಏನಾಗುತ್ತದೆ ಅಂದರೆ, "ತೊಳೆದರೂ ಕೈ ಹೀಗೇ, ತೊಳೆಯದಿದ್ದರೂ ಹೀಗೇ" ಅನ್ನುವ ಭಾವನೆ ಬರುತ್ತದೆ. ಕೈ ಕಪ್ಪಿದ್ದರೆ ಕೊಳೆ, ಬೆಳ್ಳಗಿದ್ದರೆ ಶುದ್ಧ ಅಂತ ನಾವು ಕಣ್ಣಲ್ಲೇ ತೀರ್ಮಾನ ಮಾಡುತ್ತೇವೆ. ಆದರೆ ಚೊಗರು ಚರ್ಮಕ್ಕೆ ಹಿಡಿದ ಬಣ್ಣ ಅಷ್ಟೇ, ಅದರಿಂದ ಭೇದಿ ಬರುವುದಿಲ್ಲ. ಕಾಯಿಲೆ ತರುವುದು ಕಣ್ಣಿಗೆ ಕಾಣುವುದೇ ಇಲ್ಲ.

ಎರಡನೆಯದು ಕವಳ, ಅಂದರೆ ಎಲೆ ಅಡಿಕೆ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ತೋಟದಲ್ಲಿ ಕೆಲಸ ಮಾಡುವಾಗ ದಿನಕ್ಕೆ ಎಷ್ಟೋ ಸಲ ಕವಳ ಹಾಕುತ್ತಾರೆ. ಎಲೆ ತೆಗೆದು, ತೊಡೆಗೆ ಒರೆಸಿ, ಬೆರಳಲ್ಲಿ ಸುಣ್ಣ ಹಚ್ಚಿ, ಅಡಿಕೆ, ಹೊಗೆಸೊಪ್ಪು ಸೇರಿಸಿ ಬಾಯಿಗೆ. ಅದೇ ಕೈಯಲ್ಲಿ ಆಗಷ್ಟೇ ಗೊಬ್ಬರ ಹರಡಿರುತ್ತಾರೆ. ಊಟ ಅಂದರೆ ಕೂತು ಉಣ್ಣುವುದು ಮಾತ್ರ ಅಂತ ನಮ್ಮ ಲೆಕ್ಕ. ಕೈ ಬಾಯಿಗೆ ಹೋಗುವ ಪ್ರತಿ ಸಲವೂ ಲೆಕ್ಕಕ್ಕೆ ಬರಬೇಕು. ಹೊಗೆಸೊಪ್ಪು ಬಿಡಬೇಕು ಅನ್ನುವುದು ಬೇರೆ ಮಾತು, ಅದನ್ನೂ ಹೇಳಲೇಬೇಕು.

ಮೂರನೆಯದು ಮಳೆಗಾಲದ ಔಷಧಿ ಹೊಡೆಯುವ ಕೆಲಸ. ಅಡಿಕೆಗೆ ಕೊಳೆ ರೋಗ ಬರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು ಗ್ಯಾರಂಟಿ. ಕೊನೆಗಾರರು ಮರದಿಂದ ಇಳಿದು, ಮಳೆಯಲ್ಲೇ ಕೈ ನೆನೆಸಿಕೊಂಡು, ತಿಂಡಿಗೆ ಕೂರುತ್ತಾರೆ. ಮಳೆ ನೀರಲ್ಲಿ ನೆನೆದ ಕೈ ತೊಳೆದ ಕೈ ಅಲ್ಲ.

ಒಂದು ಮಾತು ಬೇಜಾರಿಲ್ಲದೆ ಕೇಳಿ. ಕೆಲಸಕ್ಕೆ ಬಂದವರಿಗೆ ನಮ್ಮಲ್ಲಿ ಎಷ್ಟು ಮನೆಯವರು ಸೋಪು ಕೊಡುತ್ತೇವೆ? ತಿಂಡಿ ಕೊಡುತ್ತೇವೆ, ಚಹಾ ಕೊಡುತ್ತೇವೆ, ಅಂಗಳದ ಮೂಲೆಯಲ್ಲಿ ಒಂದು ಚೊಂಬು ನೀರು ಕೊಡುತ್ತೇವೆ. ಸೋಪು ಕೊಡುವುದಿಲ್ಲ. ಅವರು ಮನೆಯೊಳಗಿನ ಬಚ್ಚಲಿಗೆ ಬಂದು ಸೋಪು ಕೇಳಲು ಹಿಂಜರಿಯುತ್ತಾರೆ. ಹಿಂಜರಿಯುವ ಹಾಗೆ ಮಾಡಿದವರು ನಾವೇ. ಇದು ಬದಲಾಗಲೇಬೇಕು.

ಹಿರಿಯಜ್ಜ, ಭದ್ರಾವತಿ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನಮ್ಮ ಹಿರಿಯರ ಪದ್ಧತಿಯನ್ನು ಮರೆತಿರಿ. ಹೊರಗಿನಿಂದ ಬಂದರೆ ಕೈಕಾಲು ತೊಳೆಯದೆ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಎಂಜಲು ಮುಸುರೆ ಅಂತ ಎಷ್ಟು ಕಟ್ಟುನಿಟ್ಟು ಇತ್ತು. ಸೋಪು ಇರಲಿಲ್ಲ, ಒಲೆ ಬೂದಿ ಇತ್ತು, ಸೀಗೆಕಾಯಿ ಇತ್ತು, ಅಂಟುವಾಳ ಇತ್ತು. ಅವರೆಲ್ಲ ಗಟ್ಟಿಮುಟ್ಟಾಗಿ ಬದುಕಲಿಲ್ವಾ?

ವಾರ್ಡಿನ ಅಕ್ಕ, ಶಿವಮೊಗ್ಗ

ಅಜ್ಜ, ನಮಸ್ಕಾರ. ನಾನು ನರ್ಸ್ ಕೆಲಸದಲ್ಲಿದ್ದೇನೆ. ನಿಮ್ಮ ಮಾತಿನಲ್ಲಿ ಒಪ್ಪುವಂಥದ್ದು ಬಹಳ ಇದೆ, ಅದನ್ನೇ ಮೊದಲು ಹೇಳುತ್ತೇನೆ.

ಹೊರಗಿನಿಂದ ಬಂದ ಕೂಡಲೇ ಕೈಕಾಲು ತೊಳೆಯುವುದು ಒಳ್ಳೆಯ ರೂಢಿ, ಅದನ್ನು ಬಿಡಬಾರದು. ಬೂದಿಯೂ ಕೆಲಸಕ್ಕೆ ಬಾರದ ವಸ್ತುವಲ್ಲ. ಬೂದಿ ಕ್ಷಾರ, ಜಿಡ್ಡು ತೆಗೆಯುತ್ತದೆ, ಉಜ್ಜಲೂ ಅನುಕೂಲ. ಬಾಂಗ್ಲಾದೇಶದಲ್ಲಿ ಹಿಂದೆ ನಡೆದ ಪರೀಕ್ಷೆಯಲ್ಲಿ ಬೂದಿ ಹಾಕಿ ತೊಳೆದ ಕೈ ಬರೀ ನೀರಲ್ಲಿ ತೊಳೆದ ಕೈಗಿಂತ ಶುದ್ಧವಾಗಿ ಕಂಡಿತ್ತು. ಸೋಪೇ ಇಲ್ಲದ ಕಡೆ ಒಲೆಯಿಂದ ಆಗ ತೆಗೆದು ಆರಿಸಿದ ಬೂದಿ ಬಳಸಬಹುದು. ಹಿತ್ತಲ ಮಣ್ಣು ಬೇಡ, ಅದರಲ್ಲಿ ಜಂತುಹುಳದ ಮೊಟ್ಟೆ ಇರಬಹುದು. ಆದರೆ ಬಚ್ಚಲಲ್ಲಿ ಸೋಪು ಇದ್ದೂ ಬೂದಿಯ ಹೆಸರು ಹೇಳುವುದು ಸರಿಯಲ್ಲ ಅಲ್ವಾ?

ಗಟ್ಟಿಮುಟ್ಟಾಗಿ ಬದುಕಿದವರು ನಮ್ಮ ಕಣ್ಣಿಗೆ ಕಾಣುತ್ತಾರೆ ಅಜ್ಜ. ಹೋದವರು ಕಾಣುವುದಿಲ್ಲ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. 2020ಕ್ಕೆ ಅದು 28ಕ್ಕೆ ಇಳಿದಿದೆ. ಲಸಿಕೆ, ಆಸ್ಪತ್ರೆ ಹೆರಿಗೆ, ಒಳ್ಳೆ ನೀರು, ಓಆರ್‌ಎಸ್ ಎಲ್ಲ ಸೇರಿ ಆದ ಕೆಲಸ ಇದು. ಕೈ ತೊಳೆಯುವುದೂ ಅದರೊಳಗೆ ಒಂದು. ನಮ್ಮ ಅಜ್ಜಿಯರನ್ನು ಕೇಳಿದರೆ ಪ್ರತಿ ಮನೆಯಲ್ಲೂ ಉಳಿಯದ ಮಕ್ಕಳ ಲೆಕ್ಕ ಹೇಳುತ್ತಾರೆ.

ಇನ್ನು ಸೋಪು ಯಾಕೆ ಅನ್ನುವುದು. ನಮ್ಮ ಕೈಯಲ್ಲಿ ಸದಾ ಸ್ವಲ್ಪ ಎಣ್ಣೆ ಅಂಶ ಇರುತ್ತದೆ. ರೋಗಾಣು ಆ ಜಿಡ್ಡಿನಲ್ಲಿ ಅಂಟಿಕೊಂಡಿರುತ್ತವೆ. ಬರೀ ನೀರಿನಲ್ಲಿ ತೊಳೆಯುವುದು ಪೂರಿ ಕರಿದ ಬಾಣಲೆಗೆ ನೀರು ಸುರಿದ ಹಾಗೆ. ಸೋಪು ಜಿಡ್ಡನ್ನು ಬಿಡಿಸುತ್ತದೆ, ಉಜ್ಜುವುದರಿಂದ ಅದು ಸಡಿಲವಾಗುತ್ತದೆ, ನೀರು ಕೊಚ್ಚಿಕೊಂಡು ಹೋಗುತ್ತದೆ. ಮೂರೂ ಬೇಕು. ಬಿಸಿನೀರೇ ಬೇಕು ಅಂತೇನಿಲ್ಲ, ತಣ್ಣೀರು ಸಾಕು. ಇಪ್ಪತ್ತು ಸೆಕೆಂಡ್ ಉಜ್ಜಿ. ಎಲ್ಲರೂ ಅಂಗೈ ಮಾತ್ರ ಉಜ್ಜುತ್ತಾರೆ. ಹೆಬ್ಬೆರಳು, ಬೆರಳ ಸಂದು, ಉಗುರಿನ ತುದಿ ಬಿಟ್ಟುಹೋಗುತ್ತವೆ. ನಾವು ಅನ್ನ ಕಲಸುವುದೇ ಬೆರಳ ತುದಿಯಲ್ಲಿ!

ಒಂದು ಅಧ್ಯಯನ ನೆನಪಿಟ್ಟುಕೊಳ್ಳಿ. ಕರಾಚಿಯ ಬಡ ಬಡಾವಣೆಗಳಲ್ಲಿ ಮನೆಗಳಿಗೆ ಸೋಪು ಕೊಟ್ಟು, ಪ್ರತಿ ವಾರ ಹೋಗಿ ಕೈ ತೊಳೆಯುವ ಬಗ್ಗೆ ಹೇಳುತ್ತಿದ್ದರು. ಫಲಿತಾಂಶ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಭೇದಿ ಅರ್ಧದಷ್ಟು ಇಳಿದಿತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಕೂಡ ಅರ್ಧದಷ್ಟು ಕಡಿಮೆಯಾಗಿತ್ತು. ರೋಗಾಣು ಕೊಲ್ಲುವ ದುಬಾರಿ ಸೋಪಿಗೂ ಸಾದಾ ಸೋಪಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಅಂಗಡಿಯಲ್ಲಿ ಸಿಗುವ ಅಗ್ಗದ ಸೋಪೇ ಸಾಕು. ಪ್ರತಿ ವಾರ ಯಾರೂ ಬಂದು ಹೇಳದ ಕಡೆ ಇಷ್ಟು ದೊಡ್ಡ ಲಾಭ ಸಿಗುವುದಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಸೇರಿಸಿ ನೋಡಿದರೆ ಭೇದಿ ಸುಮಾರು ಶೇ. 30 ಇಳಿಯುತ್ತದೆ. ಅದೂ ಸಣ್ಣದಲ್ಲ. ಜಗತ್ತಿನಲ್ಲಿ ಈಗಲೂ ಐದು ವರ್ಷದೊಳಗಿನ 4 ಲಕ್ಷಕ್ಕೂ ಹೆಚ್ಚು ಮಕ್ಕಳು ಪ್ರತಿ ವರ್ಷ ಭೇದಿಯಿಂದ ಸಾಯುತ್ತಾರೆ.

ಹಿರಿಯಜ್ಜ, ಭದ್ರಾವತಿ

ವಿವರವಾಗಿ ಹೇಳಿದೆಯಮ್ಮ. ನನ್ನ ತಾಯಿಗೂ ಉಳಿಯದ ಮಕ್ಕಳಿದ್ದರು. ಬೂದಿಯ ಮಾತು ಅಲ್ಲಿಗೆ ಬಿಡುತ್ತೇನೆ. ಕೈ ಒರೆಸುವ ಬಟ್ಟೆ ಬಗ್ಗೆ ಏನು ಹೇಳುತ್ತೀಯ? ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಚೌಕ.

ವಾರ್ಡಿನ ಅಕ್ಕ, ಶಿವಮೊಗ್ಗ

ಅದೇ ತೊಂದರೆ ಅಜ್ಜ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದೇ ಇಲ್ಲ. ಒದ್ದೆ ಚೌಕಕ್ಕೆ ಒರೆಸಿದರೆ ತೊಳೆದದ್ದು ವ್ಯರ್ಥ. ಕೈ ಕೊಡವಿ ಗಾಳಿಗೆ ಆರಲು ಬಿಡಿ. ಸೆರಗು, ಪಂಚೆ ಬೇಡವೇ ಬೇಡ. ಒದ್ದೆ ಕೈಯಿಂದ ರೋಗಾಣು ಬೇಗ ಹರಡುತ್ತವೆ, ಅದಕ್ಕೇ ಆರಿಸುವುದೂ ಮುಖ್ಯ.

ಗುಡ್ಡದ ಮೇಲಿನ ಮನೆ

ಎಲ್ಲ ಸರಿ ಮಾರಾಯ್ರೇ, ನೀರು ಎಲ್ಲಿದೆ? ಆಗುಂಬೆ ಪಕ್ಕದಲ್ಲೇ ಇದ್ದೇವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಅಂತ ಎಲ್ಲರೂ ಹೊಗಳುತ್ತಾರೆ. ಏಪ್ರಿಲ್, ಮೇ ಬಂದರೆ ಬಾವಿ ತಳ ಕಾಣುತ್ತದೆ. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ನಿಲ್ಲುತ್ತದೆ. ದೂರದಿಂದ ಕೊಡ ಹೊತ್ತು ತರುವವರು ಹೆಂಗಸರು. ಹೊತ್ತು ತಂದ ನೀರಿನಲ್ಲಿ ಯಾರು ಇಪ್ಪತ್ತು ಸೆಕೆಂಡ್ ಕೈ ತೊಳೆಯುತ್ತಾರೆ ಹೇಳಿ?

ಹೊಳೆದಂಡೆ, ತೀರ್ಥಹಳ್ಳಿ

ಈ ಪ್ರಶ್ನೆ ಬರಲಿ ಅಂತಲೇ ಕಾಯುತ್ತಿದ್ದೆ. ಇಪ್ಪತ್ತು ಸೆಕೆಂಡ್ ಉಜ್ಜುವಾಗ ನೀರು ಹರಿಯಬೇಕಾಗಿಲ್ಲ. ಮೊದಲು ಸ್ವಲ್ಪ ನೀರಲ್ಲಿ ಕೈ ಒದ್ದೆ ಮಾಡಿ, ನಿಲ್ಲಿಸಿ, ಸೋಪು ಹಾಕಿ ಉಜ್ಜಿ, ಕೊನೆಗೆ ತೊಳೆಯಿರಿ. ಚೊಂಬಿನಲ್ಲಾದರೆ ಅರ್ಧ ಲೀಟರಿಗಿಂತ ಕಡಿಮೆ ಸಾಕು. ಆದರೆ ಚೊಂಬಿನಲ್ಲಿ ಒಂದು ತೊಡಕಿದೆ. ಕೊಳೆ ಕೈಯಲ್ಲೇ ಚೊಂಬು ಹಿಡಿಯಬೇಕು, ತೊಳೆದ ಕೈಯಲ್ಲಿ ಮತ್ತೆ ಅದನ್ನೇ ಮುಟ್ಟಬೇಕು.

ಅದಕ್ಕೆ ಆಫ್ರಿಕಾದ ಹಳ್ಳಿಗಳಲ್ಲಿ 1980ರ ದಶಕದಲ್ಲೇ ಒಂದು ಉಪಾಯ ಕಂಡುಕೊಂಡರು. ಟಿಪ್ಪಿ ಟ್ಯಾಪ್ ಅಂತಾರೆ. ಐದು ಲೀಟರ್ ಎಣ್ಣೆ ಕ್ಯಾನ್ ತೊಳೆದು, ಬಾಯಿಯ ಹತ್ತಿರ ಮೊಳೆ ಕಾಯಿಸಿ ಒಂದು ತೂತು ಮಾಡಿ. ಎರಡು ಕವಲು ಕೋಲು ನೆಟ್ಟು, ಅಡ್ಡ ಕೋಲಿಗೆ ಕ್ಯಾನ್ ನೇತುಹಾಕಿ. ಕ್ಯಾನಿನ ಕುತ್ತಿಗೆಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ನೆಲದ ಹತ್ತಿರ ಇನ್ನೊಂದು ಕೋಲು. ಆ ಕೋಲನ್ನು ಕಾಲಲ್ಲಿ ಒತ್ತಿದರೆ ಕ್ಯಾನ್ ಬಾಗಿ ಸಣ್ಣಗೆ ನೀರು ಬರುತ್ತದೆ. ಕೈಯಲ್ಲಿ ಏನನ್ನೂ ಮುಟ್ಟಬೇಕಾಗಿಲ್ಲ. ಪಕ್ಕದಲ್ಲೇ ಸೋಪಿಗೆ ತೂತು ಮಾಡಿ ದಾರದಲ್ಲಿ ಕಟ್ಟುತ್ತಾರೆ. ಕೆಳಗೆ ಕೆಸರಾಗದ ಹಾಗೆ ಜಲ್ಲಿ ಹಾಕಿ, ಇಲ್ಲದಿದ್ದರೆ ಬಾಳೆ ಬುಡಕ್ಕೆ ನೀರು ಹೋಗುವ ಹಾಗೆ ಮಾಡಿ.

ಇನ್ನೊಂದು. "ಮನೆ ಮನೆಗೆ ಗಂಗೆ" ಯೋಜನೆಯಲ್ಲಿ ನಲ್ಲಿ ಹಾಕಿದ ಮನೆಗಳಲ್ಲಿ ನೋಡಿ. ತಲೆಗೆ ದಿನಕ್ಕೆ 55 ಲೀಟರ್ ಅನ್ನುವುದು ಯೋಜನೆಯ ಗುರಿ. ನಾನು ನೋಡಿದ ಕಡೆಯೆಲ್ಲ ನಲ್ಲಿ ಅಂಗಳದಲ್ಲಿ ನಿಂತಿದೆ, ಕೊಡ ಇಡಲು ಜಾಗ ಇದೆ. ಸೋಪು ಇಡಲು ಒಂದು ಕಲ್ಲೂ ಇಲ್ಲ. ನಲ್ಲಿ ಹಾಕಿಸುವಾಗಲೇ ಒಂದು ಚಿಕ್ಕ ಕಟ್ಟೆ ಕಟ್ಟಿಸಿ ಅಂತ ನಮ್ಮ ಗ್ರಾಮಸಭೆಯಲ್ಲಿ ಕೇಳಬೇಕು.

ಕೊಡಚಾದ್ರಿ ಕಾಗೆ

ಸೋಪು ಹೊರಗಿಟ್ಟರೆ ಕಾಗೆ ಹೊತ್ತೊಯ್ಯುತ್ತದೆ. ರಾತ್ರಿ ಇಲಿ ತಿನ್ನುತ್ತದೆ. ಆಷಾಢದ ಮಳೆಗೆ ಉಳಿದದ್ದು ಕರಗಿ ಹೋಗುತ್ತದೆ. ನಮ್ಮಮ್ಮ ಸೋಪನ್ನು ಒಳಗೆ ಎತ್ತಿಡಲು ಕಾರಣವೇ ಇದು.

ಅಂಗನವಾಡಿ ಟೀಚರ್, ಸೊರಬ

ಇದಕ್ಕೆ ಒಳ್ಳೆಯ ದಾರಿ ಇದೆ. ಸೋಪಿನ ನೀರಿನ ಬಾಟಲಿ. ಬಾಂಗ್ಲಾದೇಶದಲ್ಲಿ ಬಳಸಿ ನೋಡಿದ ಅಳತೆ: ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಸೋಪಿನ ಪುಡಿ. ಕುಲುಕಿ, ಮುಚ್ಚಳಕ್ಕೆ ತೂತು ಮಾಡಿ. ಬಾಟಲಿ ಹಿಂಡಿದರೆ ಬೇಕಾದಷ್ಟೇ ಬರುತ್ತದೆ. ಕಾಗೆ ಒಯ್ಯುವುದಿಲ್ಲ, ಕರಗುವ ಭಯ ಇಲ್ಲ, ಖರ್ಚು ತುಂಬಾ ಕಡಿಮೆ. ಬಾಟಲಿ ಮೇಲೆ ದೊಡ್ಡದಾಗಿ ಬರೆದಿಡಿ, ಮಕ್ಕಳು ಕುಡಿಯುವ ಬಾಟಲಿ ಅಂದುಕೊಳ್ಳಬಾರದು. ಚರ್ಮ ಒಡೆಯುವವರು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಆದರೆ ರಾತ್ರಿ ಮಲಗುವಾಗ.

ನನ್ನ ಅನುಭವದಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ತಾಯಂದಿರ ಸಭೆ ಕರೆದು "ರೋಗಾಣು, ಭೇದಿ, ಸಾವು" ಅಂತ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಮನೆಗೆ ಹೋದರೆ ಅದೇ ಹಳೆಯ ರೂಢಿ. ಹೆದರಿಸಿದರೆ ಎರಡು ದಿನ ನೆನಪಿರುತ್ತದೆ ಅಷ್ಟೇ.

ಪಕ್ಕದ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ 2011ರಲ್ಲಿ ಬೇರೆ ರೀತಿ ಮಾಡಿ ನೋಡಿದರು. "ಸೂಪರ್ ಅಮ್ಮ" ಅಂತ ಅದರ ಹೆಸರು. ಕಾಯಿಲೆಯ ಮಾತನ್ನೇ ಎತ್ತಲಿಲ್ಲ. ಮಗನನ್ನು ಒಳ್ಳೆ ನಡತೆಯವನಾಗಿ ಬೆಳೆಸುವ ತಾಯಿಯ ಕಥೆ ತೋರಿಸಿದರು, ಕೊಳೆ ಕೈಯಲ್ಲಿ ತಿಂಡಿ ಮಾಡಿದರೆ ಹೇಗಿರುತ್ತದೆ ಅಂತ ಅಸಹ್ಯ ಹುಟ್ಟಿಸಿದರು, ಊರಿನವರೆಲ್ಲರ ಎದುರು ಪ್ರತಿಜ್ಞೆ ಮಾಡಿಸಿದರು. 14 ಹಳ್ಳಿಗಳನ್ನು ಆರಿಸಿಕೊಂಡು ಅರ್ಧಕ್ಕೆ ಮೊದಲು ಕಾರ್ಯಕ್ರಮ, ಉಳಿದರ್ಧಕ್ಕೆ ಆಮೇಲೆ. ಬಾಯಲ್ಲಿ ಕೇಳಲಿಲ್ಲ, ಮನೆಯಲ್ಲಿ ಕೂತು ನೋಡಿ ಲೆಕ್ಕ ಹಾಕಿದರು. ಶುರುವಿನಲ್ಲಿ ಸೋಪು ಹಾಕಿ ತೊಳೆಯಬೇಕಾದ ನೂರು ಸಂದರ್ಭಗಳಲ್ಲಿ ಒಂದೆರಡರಲ್ಲಿ ಮಾತ್ರ ತೊಳೆಯುತ್ತಿದ್ದರು. ಆರು ತಿಂಗಳಾದ ಮೇಲೆ ಅದು ಶೇ. 37ಕ್ಕೆ ಏರಿತು. ಕಾರ್ಯಕ್ರಮ ಇನ್ನೂ ಮಾಡದ ಹಳ್ಳಿಗಳಲ್ಲಿ ಆಗ ಶೇ. 6 ಇತ್ತು. ಒಂದು ವರ್ಷದ ಹೊತ್ತಿಗೆ ಶೇ. 29. ಅಂದರೆ ಸ್ವಲ್ಪ ಇಳಿಯಿತು, ಆದರೆ ಹಳೆಯದಕ್ಕೆ ವಾಪಸ್ ಹೋಗಲಿಲ್ಲ.

ಅಮ್ಮಂದಿರ ಮೇಲೇ ಎಲ್ಲ ಭಾರ ಹಾಕುವುದು ನನಗೆ ಇಷ್ಟ ಇಲ್ಲ. ಅಪ್ಪಂದಿರೂ ಮಗುವಿಗೆ ತುತ್ತು ಕೊಡುತ್ತಾರೆ. ತೋಟದಿಂದ ಬಂದವರೇ ಮಗುವನ್ನು ಎತ್ತಿಕೊಂಡು ಬಾಯಿಗೆ ಬೆಲ್ಲದ ಚೂರು ಇಡುತ್ತಾರೆ. ಆ ಕೈಯೂ ತೊಳೆದಿರಬೇಕು.

ಹೈಸ್ಕೂಲ್ ಮೇಷ್ಟ್ರು, ಶಿಕಾರಿಪುರ

ಟೀಚರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಅಕ್ಟೋಬರ್ 15 ವಿಶ್ವ ಕೈ ತೊಳೆಯುವ ದಿನ, 2008ರಿಂದ ನಡೆಯುತ್ತಿದೆ. ಎಷ್ಟೋ ಶಾಲೆಗಳಲ್ಲಿ ಆ ದಿನ ಬ್ಯಾನರ್ ಕಟ್ಟಿ, ಸಾಲಾಗಿ ನಿಲ್ಲಿಸಿ, ಫೋಟೊ ತೆಗೆದು ಮುಗಿಸುತ್ತಾರೆ. 16ನೇ ತಾರೀಖು ನಲ್ಲಿ ಹತ್ತಿರ ಸೋಪು ಇರುವುದಿಲ್ಲ. ಇದು ನನಗೆ ನಿಜಕ್ಕೂ ನೋವು ತರುವ ವಿಷಯ. ಬಿಸಿಯೂಟ ಪ್ರತಿದಿನ ಇದೆ. ಪ್ರತಿದಿನ ಮಕ್ಕಳು ಸಾಲಾಗಿ ತಟ್ಟೆ ತೊಳೆಯಲು ನಲ್ಲಿಗೆ ಬಂದೇ ಬರುತ್ತಾರೆ. ರೂಢಿ ಕಲಿಸಲು ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ?

ಭಾಷಣ ಬೇಕಾಗಿಲ್ಲ ಅನ್ನುವುದಕ್ಕೂ ಆಧಾರ ಇದೆ. ಬಾಂಗ್ಲಾದೇಶದ ಎರಡು ಶಾಲೆಗಳಲ್ಲಿ ಶೌಚಾಲಯದಿಂದ ಕೈ ತೊಳೆಯುವ ಜಾಗದವರೆಗೆ ಬಣ್ಣದ ದಾರಿ ಬಳಿದು, ಹೆಜ್ಜೆ ಗುರುತು ಬಿಡಿಸಿದರು. ಕಟ್ಟೆಯ ಮೇಲೆ ಅಂಗೈ ಗುರುತು. ಪಾಠ ಏನೂ ಮಾಡಲಿಲ್ಲ. ಮೊದಲು ನೂರರಲ್ಲಿ 4 ಸಲ ಸೋಪು ಬಳಸುತ್ತಿದ್ದ ಮಕ್ಕಳು ಆರು ವಾರದ ನಂತರ 74 ಸಲ ಬಳಸುತ್ತಿದ್ದರು. ನಮ್ಮ ಶಾಲೆಯಲ್ಲೂ ಮಕ್ಕಳೇ ಹೆಜ್ಜೆ ಬಿಡಿಸಿದ್ದಾರೆ. ಚಿಕ್ಕವರು ಅದರ ಮೇಲೇ ಕಾಲಿಟ್ಟು ಹೋಗುತ್ತಾರೆ, ನೋಡಲು ಖುಷಿ.

ಗುಡ್ಡದ ಮೇಲಿನ ಮನೆ

ಮಂಗನ ಕಾಯಿಲೆಗೂ ಕೈ ತೊಳೆದರೆ ಉಪಯೋಗ ಇದೆಯಾ? ನಮ್ಮ ಕಡೆ ಚಳಿಗಾಲ ಬಂತೆಂದರೆ ಅದೇ ಭಯ.

ವಾರ್ಡಿನ ಅಕ್ಕ, ಶಿವಮೊಗ್ಗ

ಇಲ್ಲ, ಅದು ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ. ಉಣುಗು ಕಚ್ಚುವುದರಿಂದ ಬರುತ್ತದೆ. ಕಾಡಿಗೆ ಹೋಗುವಾಗ ಮೈತುಂಬಾ ಬಟ್ಟೆ, ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ, ಬಂದ ಮೇಲೆ ಬಿಸಿನೀರು ಸೋಪು ಹಾಕಿ ಸ್ನಾನ, ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆಯುವುದು. ಕೈ ತೊಳೆಯುವ ಮಾತು ಬರುವುದು ಒಂದೇ ಕಡೆ. ಡೆಪಾ ಎಣ್ಣೆ ಹಚ್ಚಿದ ಕೈಯಲ್ಲಿ ಬುತ್ತಿ ತಿನ್ನಬೇಡಿ. ಕಾಡಿಗೆ ಹೋಗುವಾಗ ಆ ಸೋಪಿನ ನೀರಿನ ಚಿಕ್ಕ ಬಾಟಲಿಯೊಂದು ಚೀಲದಲ್ಲಿರಲಿ.

ಸ್ಯಾನಿಟೈಸರ್ ಬಗ್ಗೆಯೂ ಹೇಳಿಬಿಡುತ್ತೇನೆ. ಮಣ್ಣು, ಸಗಣಿ, ಜಿಡ್ಡು ಹತ್ತಿದ ಕೈಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ತೋಟ, ಗದ್ದೆ ಕೆಲಸದವರಿಗೆ ಸೋಪೇ ಬೇಕು.

ಸಾಗರದ ಸೊಸೆ

ಮದುವೆ ಮನೆ ಬಗ್ಗೆ ಯಾರಾದರೂ ಯೋಚಿಸಿದ್ದೀರಾ? ಊಟ ಆದ ಮೇಲೆ ಕೈ ತೊಳೆಯುವ ಕಡೆ ಸೋಪಿನ ನೀರು ಇಟ್ಟಿರುತ್ತಾರೆ. ಪಂಕ್ತಿಗೆ ಕೂರುವ ಮುಂಚೆ ಏನೂ ಇಲ್ಲ. ಜನ ನೂರಾರು ಮಂದಿಗೆ ಕೈಕುಲುಕಿ, ಬಸ್ಸಿನ ಕಂಬಿ ಹಿಡಿದು ಬಂದಿರುತ್ತಾರೆ. ಬಡಿಸುವ ಹುಡುಗರ ಕೈ ಯಾರು ನೋಡುತ್ತಾರೆ? ಉಪ್ಪು, ಹಪ್ಪಳ, ಲಾಡು ಎಲ್ಲ ಕೈಯಲ್ಲೇ ಬಡಿಸುವುದು. ನಮ್ಮ ನಾದಿನಿ ಮದುವೆ ಮಾಘದಲ್ಲಿದೆ, ಏನು ಮಾಡಬಹುದು?

ಅಡಿಕೆ ಅಂಗಳ, ಹೊಸನಗರ

ಅಕ್ಕ, ನಮ್ಮ ತಮ್ಮನ ಮದುವೆಯಲ್ಲಿ ಮಾಡಿದ್ದೆವು, ಸುಲಭ. ಶಾಮಿಯಾನದವರ ಹತ್ತಿರ ನಲ್ಲಿ ಕೂರಿಸಿದ ಡ್ರಮ್ ಬಾಡಿಗೆಗೆ ಸಿಗುತ್ತದೆ, ಮುಂಚೆಯೇ ಹೇಳಿಡಿ. ಊಟದ ಹಾಲಿಗೆ ಒಳಗೆ ಹೋಗುವ ಬಾಗಿಲ ಪಕ್ಕದಲ್ಲೇ ಇಡಿಸಿ, ಮೂಲೆಯಲ್ಲಿ ಬೇಡ. ಪಕ್ಕದಲ್ಲಿ ಸೋಪಿನ ನೀರಿನ ಬಾಟಲಿ ನಾಲ್ಕೈದು. ಮನೆಯ ಹಿರಿಯರೊಬ್ಬರು ಅಲ್ಲಿ ನಿಂತು "ಕೈ ತೊಳ್ಕೊಂಡು ಬನ್ನಿ" ಅಂತ ಕರೆದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ, ಬೇಜಾರೂ ಆಗುವುದಿಲ್ಲ. ಬಡಿಸುವವರಿಗೆ ಅಡುಗೆ ಭಟ್ಟರ ಕಡೆಯಿಂದಲೇ ಹೇಳಿಸಿ, ಅವರ ಮಾತು ಹುಡುಗರು ಕೇಳುತ್ತಾರೆ. ಉಪ್ಪು, ಹಪ್ಪಳ, ಲಾಡುವಿಗೆ ಚಮಚ ಅಥವಾ ಇಕ್ಕಳ ಕೇಳಿ. ಪಾತ್ರೆ ತೊಳೆಯುವವರ ಜಾಗದಲ್ಲೂ ಕೈಗೆ ಒಂದು ಬಾಟಲಿ ಬೇರೆಯಾಗಿ ಇಡಿ.

ಸಾಗರದ ಸೊಸೆ

ನಾಳೆಯೇ ಶಾಮಿಯಾನದವರಿಗೆ ಫೋನ್ ಮಾಡುತ್ತೇನೆ. ಡ್ರಮ್ ಎರಡು ಹೇಳಲಾ, ಮೂರಾ? ಎಂಟುನೂರು ಜನ ಆಗಬಹುದು.

ಅಡಿಕೆ ಅಂಗಳ, ಹೊಸನಗರ

ಮೂರು ಹೇಳಿ. ಒಂದನ್ನು ಅಡುಗೆಯವರಿಗೇ ಬಿಡಿ.